ಪಾರಿಯ ತಮ್ಮ ಬದುಕಿದ್ದ ಪುಟಗಳು

ಜೂನ್ 9, ಸೋಮವಾರ

ಧಾರವಾಡದ ತವರಿನಿಂದ ಬೈರಿದೇವರಕೊಪ್ಪದ ಗಂಡನ ಮನೆಗೆ ಬಂದು ಒಂದು ವಾರವಾಯಿತು. ಕೂಸು ಮಲಗಿದೆ. ಈ ಕಿಟಕಿಯ ಹತ್ತಿರ ಕುಳಿತರೆ ಅದರ ಎದೆ ಏರಿ ಇಳಿಯುವುದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಿದ್ದೆ ಇಲ್ಲ. ಕಪಿಲ ನಿನ್ನೆ, "ಪಾಳಿ ಹಚ್ಚೋಣು. ಅರ್ಧ ರಾತ್ರಿ ನಾ ನೋಡ್ತೀನಿ, ನೀ ಮಲಗು" ಅಂದ. ಒಪ್ಪಿ ಮಲಗಿದೆ. ಅವನು ನೋಡುತ್ತಿದ್ದಾನೋ ಇಲ್ಲವೋ ಅಂತ ರೆಪ್ಪೆ ಸಂದಿಯಿಂದ ನೋಡುತ್ತ ಬಿದ್ದುಕೊಂಡಿದ್ದೆ.

ಅತ್ತೆ ಬೆಳಗ್ಗೆ ಮತ್ತೆ ಮಾತು ತೆಗೆದರು. "ಕೂಸಿಗೆ ಮೂರು ತಿಂಗಳು ದಾಟಿತು. ಆಷಾಢ ಹತ್ತೋದ್ರೊಳಗ ತೊಟ್ಟಿಲದಾಗ ಹಾಕಿ ಹೆಸರಿಟ್ಟು ಬಿಡೋಣು. ಎಷ್ಟಂತ ಕೂಸು ಕೂಸು ಅನ್ನೋದು?"

"ಬಿಸಿಲು ಭಾಳ ಅದ ಅತ್ಯಾರ. ಮಂದಿ ಬಂದ್ರ ಸೆಖಿ ಆಗ್ತದ" ಅಂದೆ.

ಮೃಗಶಿರಾ ಮಳೆ ಹೊರಗೆ ಹನಿಯುತ್ತಿತ್ತು. ಅತ್ತೆ ಕಿಟಕಿ ಕಡೆ ನೋಡಿದರು, ನನ್ನ ಕಡೆ ನೋಡಿದರು, ಸುಮ್ಮನಾದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ತಪ್ಪು ಉತ್ತರವನ್ನು ತಿದ್ದದೆ ಬಿಡುವುದು ಅವರಿಗೆ ಸುಲಭವಲ್ಲ.

ಮೊದಲನೆಯವನಿಗೆ ಹನ್ನೆರಡನೇ ದಿನಕ್ಕೆ ತಪ್ಪದೆ ಹೆಸರಿಟ್ಟಿದ್ದೆವು. ಮನೆ ತುಂಬ ಜನ, ಗುಗ್ಗರಿ, ಹಾಡು. ಮರುದಿನ ಬೆಳಗ್ಗೆ ನಾನು ಎದ್ದಾಗ ಅವನು ಇರಲಿಲ್ಲ. ಹೆಸರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನನಗೂ ಗೊತ್ತಿದೆ. ಎಂ.ಎ. ಮಾಡಿ ಪಿಎಚ್.ಡಿ.ಗೆ ಕುಳಿತವಳಿಗೆ ಅಷ್ಟು ಗೊತ್ತಿರಬೇಕು. ಗೊತ್ತಿದ್ದೂ ಬಾಯಿ ಬರುವುದಿಲ್ಲ.

ಜೂನ್ 15, ರವಿವಾರ

ಕೂಸು ತೊಡೆಯ ಮೇಲೆ, ಪುಸ್ತಕ ದಿಂಬಿನ ಮೇಲೆ. ಹೀಗೇ ಅಧ್ಯಾಯ ಬರೆಯಬೇಕು. 'ಎರಡು ಮಕ್ಕಳ ಕಾದಂಬರಿಗಳಲ್ಲಿ ಪ್ರೀತಿ ಮತ್ತು ಅಗಲಿಕೆ'. ವಿಷಯ ಆರಿಸಿಕೊಂಡದ್ದು ನಾನೇ, ಮೂರು ವರ್ಷದ ಹಿಂದೆ, ಆಗಿನ ಧೈರ್ಯದಲ್ಲಿ. ಗೈಡು ಯಶೋಧರಾ ಮೇಡಂ ಜುಲೈಗೆ ಬೇಕು ಅಂದಿದ್ದಾರೆ.

'ಪಾರಿಯ ತಮ್ಮ': ಪಾರಿ ಎಂಬ ಹತ್ತು ವರ್ಷದ ಹುಡುಗಿಯ ತಮ್ಮ ಚಂದು ಜ್ವರ ಬಂದು ತೀರಿಕೊಳ್ಳುತ್ತಾನೆ. ಮನೆಯವರು ಅವನ ಅಂಗಿ ಚಡ್ಡಿ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ, ಹೆಸರು ಎತ್ತುವುದು ಬಿಡುತ್ತಾರೆ. ಕೊನೆಯಲ್ಲಿ ಚಿಕ್ಕಮ್ಮ ತನ್ನ ಎಳೆಗೂಸನ್ನು ಪಾರಿಯ ಕೈಗೆ ಕೊಡಲು ಬಂದರೆ ಪಾರಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ.

'ಕೊಡೆಯಜ್ಜಿ': ಕೊಡೆ ರಿಪೇರಿ ಮಾಡುವ ಒಂಟಿ ಮುದುಕಿಗೆ ಸಂತೆಯಲ್ಲಿ ತಪ್ಪಿಸಿಕೊಂಡ ಹುಡುಗ ಸಿಗುತ್ತಾನೆ. ಒಂದು ಮಳೆಗಾಲ ಸಾಕುತ್ತಾಳೆ. ಅವನ ತಾಯಿ ಹುಡುಕಿಕೊಂಡು ಬಂದಾಗ ತಲೆ ಬಾಚಿ ಕಳಿಸಿಕೊಡುತ್ತಾಳೆ. ಯಾರೂ ಸಾಯುವುದಿಲ್ಲ.

ನನ್ನ ವಾದ ಸ್ಪಷ್ಟವಿದೆ. ಪಾರಿ ಪ್ರಬುದ್ಧಳು, ಒಮ್ಮೆ ಕಲಿತ ಪಾಠ ಮರೆಯುವುದಿಲ್ಲ. ಅಜ್ಜಿಗೆ ವಿವೇಕ ಸಾಲದು. ಹುಡುಗ ಹೋಗುವವನು ಅಂತ ಮೊದಲ ದಿನವೇ ಗೊತ್ತಿತ್ತು. ಅವನಿಗೆ ರೊಟ್ಟಿಯ ಮೇಲೆ ಬೆಣ್ಣೆ ಯಾಕೆ ಹಾಕಬೇಕಿತ್ತು? ದಿನಾ ಹೊಸ ಕಥೆ ಯಾಕೆ ಹೇಳಬೇಕಿತ್ತು?

ಜೂನ್ 24, ಮಂಗಳವಾರ

ಪಕ್ಕದ ಮನೆಯ ಫಿಜಾ ಬಂದಿದ್ದಳು. ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಅವಳ ಮಷಿನ್ ಸದ್ದು ಗೋಡೆ ದಾಟಿ ಬರುತ್ತದೆ. ಇಬ್ಬರು ಗಂಡುಮಕ್ಕಳು, ಇಬ್ಬರೂ ಶಾಲೆಗೆ ಹೋಗುತ್ತಾರೆ. ಉಳಿದ ತುಂಡು ಬಟ್ಟೆಯಲ್ಲಿ ಕೂಸಿಗೆ ಜಬಲಾ ಹೊಲಿದು ತಂದಿದ್ದಳು.

"ಕೊಡ್ರಿ ಅಕ್ಕಾರ, ಒಂದ ಗಳಿಗಿ ಎತ್ಕೋತೇನಿ."

"ಈಗ ಹಾಲು ಕುಡದದ, ಕಕ್ಕತದ" ಅಂದೆ.

"ಕಕ್ಕಲಿ ಬಿಡ್ರಿ. ನನ್ನ ಮೈಮ್ಯಾಲ ಇಬ್ಬರು ಕಕ್ಕಿ ದೊಡ್ಡಾವ್ರ ಆಗ್ಯಾರ."

ನಾನು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ. ಫಿಜಾ ನಕ್ಕಳು, ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಕೂಸಿನ ಕಾಲಿನ ಹೆಬ್ಬೆರಳು ಒಮ್ಮೆ ಮುಟ್ಟಿ, ಆ ಬೆರಳನ್ನು ತನ್ನ ತುಟಿಗೆ ಒತ್ತಿಕೊಂಡು ಹೋದಳು. ಹೋದ ಮೇಲೆ ಕೂಸಿನ ಕಾಲು ತೊಳೆದೆ. ಯಾಕೆ ತೊಳೆದೆ ಗೊತ್ತಿಲ್ಲ. ಅವಳ ಕೈ ನನ್ನ ಕೈಗಿಂತ ಸ್ವಚ್ಛವಿತ್ತು.

ಜುಲೈ 4, ಶುಕ್ರವಾರ

ಅಧ್ಯಾಯ ಕಳಿಸಿದೆ. ಆಷಾಢ ಹತ್ತಿದೆ. ಇನ್ನು ಹೆಸರಿನ ಮಾತು ಬರುವುದಿಲ್ಲ. ಹಾಯಾಗಿದೆ.

ಜುಲೈ 11, ಶುಕ್ರವಾರ

ಮೇಡಂ ಕರೆದಿದ್ದರು. ಕೂಸನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ, ಅದಕ್ಕೆ ಕೂಸು, ಅತ್ತೆ, ನಾನು ಮೂವರೂ ಹೋದೆವು. ವಿಭಾಗದ ವರಾಂಡದಲ್ಲಿ ಅತ್ತೆ ಬೆಂಚಿನ ಮೇಲೆ ಕುಳಿತರು. ಕೂಸು ನನ್ನ ಜೊತೆ ಒಳಗೆ.

ಯಶೋಧರಾ ಮೇಡಂ ಹಾಳೆಗಳನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. "ಗಾರ್ಗಿ, ತಲಿಬರಹದಾಗ ಪ್ರೀತಿ ಮೊದಲ ಬರ್ದೀರಿ. ಒಳಗ ಹುಡುಕಿದೆ. ಅಗಲಿಕಿ ನಲವತ್ತು ಪುಟ ಐತಿ, ಪ್ರೀತಿ ಎರಡು ಪುಟ. ಆ ಎರಡರಾಗೂ ಒಂದು ಪುಟ ಕೊಡೆಯಜ್ಜೀನ್ನ ಬೈದೀರಿ."

ಕೂಸು ಅವರ ಪೆನ್ನಿಗೆ ಕೈ ಚಾಚುತ್ತಿತ್ತು.

"ಇನ್ನೊಂದು ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. 'ಪಾರಿಯ ತಮ್ಮ'ದಿಂದ ಎಷ್ಟೊಂದು ಸಾಲು ಎತ್ತೀರಿ. ಒಂದೂ ಚಂದು ಸಾಯೋಕಿಂತ ಮುಂಚಿನ ಪುಟದ್ದಲ್ಲ. ಅರ್ಧ ಪುಸ್ತಕದಾಗ ಆ ಹುಡುಗ ಓಡ್ಯಾಡ್ಕೊಂಡು ಇದ್ದಾನ. ಅದನ್ನ ಓದೀರೇನು?"

"ಎಂ.ಎ.ದಾಗ ಓದಿದ್ದೆ ಮೇಡಂ."

"ಈಗ?"

ಓದಿಲ್ಲ. ಪ್ರತಿ ಸಲ ಪುಸ್ತಕ ತೆಗೆದಾಗ ಜ್ವರದ ಅಧ್ಯಾಯದಿಂದಲೇ ಶುರು ಮಾಡುತ್ತೇನೆ. ಆ ಪುಟದಲ್ಲೇ ತಾನಾಗಿ ತೆರೆದುಕೊಳ್ಳುವಷ್ಟು ಬೆನ್ನು ಮುರಿದಿದೆ. ಮೇಡಂಗೆ ಅದು ಹೇಗೆ ತಿಳಿಯಿತೋ.

"ಇದು ಸತ್ತ ಹುಡುಗನ ಕಥಿ ಅಲ್ಲ. ಇದ್ದ ಹುಡುಗನ ಕಥಿ" ಅಂದರು. "ಅಲ್ಲಿಂದ ಬರೀರಿ. ಆಗಸ್ಟ್ ಎರಡನೇ ವಾರ ತಂದು ಕೊಡ್ರಿ." ಆಮೇಲೆ ಪೆನ್ನನ್ನು ಕೂಸಿನ ಕೈಗೆ ಕೊಟ್ಟು, "ನಿನ್ನ ಹೆಸರೇನು?" ಅಂತ ಅದನ್ನೇ ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ.

ಜುಲೈ 14, ಸೋಮವಾರ

ಕೂಸಿಗೆ ಇಂಜೆಕ್ಷನ್ ಹಾಕಿಸಿದ್ದಕ್ಕೆ ಜ್ವರ. ಬರುವುದು ಸಹಜ ಅಂದಿದ್ದಾರೆ.

ಜುಲೈ 15, ಮಂಗಳವಾರ

ಜ್ವರ ಇಳಿದಿದೆ. ನನಗೆ ನಂಬಿಕೆ ಇಲ್ಲ. ಮಲಗಿಲ್ಲ. ಅತ್ತೆ ಊಟದ ತಾಟು ತಂದು ಎದುರಿಗಿಟ್ಟು, ಹಾಗೇ ಒಯ್ದರು.

ಜುಲೈ 17, ಗುರುವಾರ

ಇಂದು ನಡೆದದ್ದನ್ನು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಹಾಲು ಕುಡಿಸುತ್ತ ಕಣ್ಣು ಹತ್ತಿಬಿಟ್ಟಿತು. ಎದ್ದಾಗ ಮಡಿಲು ಖಾಲಿ. ಹಾಸಿಗೆ ಖಾಲಿ. ಅತ್ತೆ ಇಲ್ಲ. ಬಾಗಿಲು ತೆರೆದಿತ್ತು. ಬರಿಗಾಲಲ್ಲಿ ಹೊರಗೆ ಬಂದೆ. ಫಿಜಾಳ ಮಷಿನ್ ಸದ್ದು ನಿಂತಿತ್ತು.

ಅವಳ ಪಡಸಾಲೆಯ ನಡುವೆ ಬಿದಿರಿನ ಮೊರ, ಮೊರದಲ್ಲಿ ಮಡಿಸಿದ ದುಪಟ್ಟಾ, ಅದರ ಮೇಲೆ ಕೂಸು. ತಿರುಗುವ ಫ್ಯಾನು ನೋಡುತ್ತ ಕಾಲು ಜಾಡಿಸುತ್ತಿತ್ತು. ಅತ್ತೆ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

"ಎದ್ದಿ? ಛಲೋ ಆತು" ಅಂದರು. "ಕೂಸಿನ್ನ ಮಾರೀನಿ."

"ಏನು?"

"ಫಿಜಾಗ ಮಾರೀನಿ. ಮೊದಲನೇದು ಉಳೀಲಾರದ ಮನ್ಯಾಗ ಎರಡನೇದನ್ನ ಮೊರದಾಗ ಹಾಕಿ, ಮಕ್ಕಳು ಗಟ್ಟಿಮುಟ್ಟ ಇದ್ದವರಿಗೆ ಕೊಡೂ ಪದ್ಧತಿ ಅದ. ನಮ್ಮವ್ವನ ಊರು ಮುಗದದಾಗ ಇನ್ನೂ ಮಾಡ್ತಾರ. ಇನ್ನ ಇದು ಅವರ ಕೂಸು. ಜ್ವರಾ ಕೆಮ್ಮು ಏನಿದ್ರೂ ಅವರ ಚಿಂತಿ. ನಾವು ಬರೇ ಸಾಕೂ ಮಂದಿ."

ಗ್ರಹಣದ ದಿನ ಎಲ್ಲರೆದುರು ಅವಲಕ್ಕಿ ತಿನ್ನುವ ನನ್ನ ಅತ್ತೆ ಇವರು. ಕೂಸಿನ ಕಡೆ ಬಾಗಿದೆ. ಫಿಜಾ ಮೊರವನ್ನು ತನ್ನ ಕಡೆ ಎಳೆದುಕೊಂಡಳು.

"ಕೊಡು ಫಿಜಾ. ನನ್ನ ಕೂಸು."

"ನಿಮ್ಮ ಕೂಸು ಎಲ್ಲೈತ್ರಿ ಅಕ್ಕಾರ? ಇದು ನಂದು. ಟೀಚರ್ ಈಗ ಕೊಟ್ಟಾರ. ಬೇಕಂದ್ರ ಒಂದ ಸೇರು ತೌಡು ತಂದು ಕೊಳ್ರಿ."

"ಮನ್ಯಾಗ ತೌಡು ಎಲ್ಲಿಂದ ಬರಬೇಕು? ಓಟ್ಸ್ ಅದ, ಅದನ್ನ ತರ್ತೀನಿ."

ಫಿಜಾ ಅತ್ತೆಯ ಕಡೆ ನೋಡಿದಳು. ಅತ್ತೆ ಗಂಭೀರವಾಗಿ ಯೋಚಿಸಿ, "ಓಟ್ಸ್ ನಡೆಯಂಗಿಲ್ಲ" ಅಂದರು. "ಮೂಲಿ ಮ್ಯಾಲಿನ ಗಿರಣ್ಯಾಗ ಸಿಗ್ತದ. ಚಪ್ಪಲಿ ಹಾಕ್ಕೊಂಡು ಹೋಗು."

ಅಳು ಬರುತ್ತಿತ್ತು. ಫಿಜಾಳ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೋದೆ. ಮೊದಲು ಓಡಿದೆ. ಅವಳ ಚಪ್ಪಲಿ ನನಗೆ ದೊಡ್ಡದು, ಆಮೇಲೆ ನಡೆದೆ. ಕೈಯಲ್ಲಿ ಏನೂ ಇಲ್ಲದೆ ರಸ್ತೆಯಲ್ಲಿ ನಡೆಯುವುದು ಹೇಗಿತ್ತೆಂದರೆ, ಯಾರೋ ಎರಡೂ ತೋಳು ಬಿಚ್ಚಿ ತೆಗೆದಿಟ್ಟ ಹಾಗೆ.

ಗಿರಣಿಯಲ್ಲಿ ಜೋಳ ಬೀಸುತ್ತಿದ್ದರು. ಗಿರಣಿಯ ಫಕೀರಪ್ಪ, "ತೌಡು ಆಕಳಿಗೇನ್ರಿ?" ಅಂತ ಕೇಳಿದ.

"ಅಲ್ಲ. ಕೂಸು ಬಿಡಿಸಿಕೊಳ್ಳಲಿಕ್ಕೆ."

ಅವನು ಅಚ್ಚರಿಪಡದೆ ರವೆ ಒಡೆಸಿದವರು ಬಿಟ್ಟುಹೋದ ಗೋಧಿ ತೌಡಿನ ಚೀಲ ಬಿಚ್ಚಿದ. "ಯಾರಿಗೆ ಮಾರೀರಿ?"

"ಫಿಜಾಗ."

"ಛಲೋ ಮನಿ. ನನಗ ಫಕೀರಪ್ಪ ಅಂತ ಸುಮ್ಮನ ಇಟ್ಟಾರೇನ್ರಿ? ನಮ್ಮವ್ವ ದರ್ಗಾದ ಮುಂದ ಕುಂತ ಫಕೀರಗ ನನ್ನ ಕೊಟ್ಟು, ತೌಡು ಅಳದು ವಾಪಸ್ ತಂದಿದ್ಲಂತ. ಅವತ್ತ ಅಳತಿ ಕಡಿಮಿ ಬಿದ್ದಿರಬೇಕ್ರಿ, ನಾ ಗಿಡ್ಡ ಉಳದೇನಿ. ತುಂಬಿಸಿ ಕೊಡ್ತೀನಿ ತಡೀರಿ."

ಮುಂದಿನವರ ಹಿಟ್ಟು ಮುಗಿಯುವವರೆಗೆ ನಿಲ್ಲಬೇಕಾಯಿತು. ಪಟ್ಟಿ ತಿರುಗುವುದನ್ನು ನೋಡುತ್ತ ನಿಂತಿದ್ದೆ. ಬಿಸಿ ಹಿಟ್ಟಿನ ವಾಸನೆ. ಒಬ್ಬ ಹೆಂಗಸು ಜೋಳಕ್ಕೆ ಈ ಸಲ ಹುಳ ಬಿದ್ದಿದೆ ಅಂತ ಹೇಳಿದಳು, ಬೇವಿನ ಎಲೆ ಹಾಕಿಡಿ ಅಂತ ನಾನು ಹೇಳಿದೆ. ತೌಡು ತಂದು ಕೊಟ್ಟಾಗ ಫಿಜಾ, "ಭಾಳ ಹೊತ್ತ ಮಾಡಿದ್ರಿ ಅಕ್ಕಾರ, ಇನ್ನ ಬರೂದಿಲ್ಲ ಅಂತ ನಾ ಖುಷಿ ಪಟ್ಟಿದ್ದೆ" ಅಂತ ಚಾಷ್ಟಿ ಮಾಡಿದಳು. ತೌಡಿನೊಳಗೆ ಕೈಯಾಡಿಸಿ, ಎಣಿಸುವವಳ ಹಾಗೆ ಮುಖ ಮಾಡಿ, ಆಮೇಲೆ ಮೊರ ನನ್ನ ಕಡೆ ಸರಿಸಿದಳು. ಮೊರ ಬಿಡುವಾಗ ಅವಳ ಕಣ್ಣು ತುಂಬಿದ್ದವು.

ಮನೆಗೆ ಬಂದು ಅತ್ತೆಯ ಜೊತೆ ಜಗಳವಾಡಿದೆ. ಮದುವೆಯಾದಾಗಿನಿಂದ ಮೊದಲ ಸಲ. "ನೀವು ಇದನ್ನೆಲ್ಲ ಯಾವಾಗಿಂದ ನಂಬ್ಲಿಕ್ಕತ್ತೀರಿ?"

"ನಾ ಎಲ್ಲಿ ನಂಬ್ತೀನಿ" ಅಂದರು. "ನಿನಗ ಮನಿ ಬಿಟ್ಟು ಮೂಲಿ ತನಕ ಕಳಸೋದಿತ್ತು. ಬ್ಯಾರೆ ದಾರಿ ಹೊಳೀಲಿಲ್ಲ."

"ನಾ ಮಲಗಿದ್ದೆ ಅತ್ಯಾರ. ಆವಾಗೂ ನಾ ಮಲಗಿದ್ದೆ."

ಅತ್ತೆ, ಪಾಠ ಹೇಳುವ ಧ್ವನಿಯಲ್ಲಲ್ಲ, "ಕೇದಾರ ಹೋದಾಗ ನಾ ಎಚ್ಚರಿದ್ದೆ ಗಾರ್ಗಿ. ಅವನ ಮಗ್ಗಲದಾಗ ಕೂತಿದ್ದೆ, ಅವನ ಮ್ಯಾಲ ಕೈ ಇಟ್ಕೊಂಡು. ನೋಡಿಕೋತನ ಇದ್ದೆ. ನೋಡಿದ್ರೇನಾತು?" ಅಂದರು.

ಎರಡು ವರ್ಷದಲ್ಲಿ ಈ ಮನೆಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು.

ಜುಲೈ 18, ಶುಕ್ರವಾರ

ಪಾರಿಯ ಮೊದಲ ಪುಟ ತೆಗೆದೆ. ಚಂದು ಹುಣಸೆ ಗಿಡದಲ್ಲಿ ಕುಳಿತು ಅಕ್ಕನ ತಲೆಗೆ ಕಾಯಿ ಎಸೆಯುತ್ತಿದ್ದಾನೆ. ಮುಚ್ಚಿಟ್ಟೆ.

ಜುಲೈ 26, ಶನಿವಾರ

ಓದಿದೆ. ಜ್ವರದ ಅಧ್ಯಾಯದವರೆಗೆ ಓದಿ, ಅಲ್ಲಿಗೆ ನಿಲ್ಲಿಸಿದೆ.

ಎಂಥ ತುಂಟ ಹುಡುಗ. ಅಪ್ಪನ ಧೋತರದ ತುದಿಗೆ ಕರುವನ್ನು ಕಟ್ಟುತ್ತಾನೆ. ಹೋಳಿಗೆಯ ಹೂರಣ ಮಾತ್ರ ತಿಂದು ಕಣಕವನ್ನು ಮತ್ತೆ ಮಡಿಸಿ ಡಬ್ಬಿಯಲ್ಲಿಡುತ್ತಾನೆ. ಪಾರಿ ಅವನನ್ನು ದಿನಕ್ಕೊಮ್ಮೆ ಹೊಡೆಯುತ್ತಾಳೆ. ಅವನು ಸತ್ತ ಮೇಲೆ ಬರುವ ಪುಟಗಳನ್ನು ಇಷ್ಟು ಸಲ ಓದಿಯೂ ಚಂದು ಯಾರು ಅಂತ ನನಗೆ ತಿಳಿದಿರಲಿಲ್ಲ. ಅವನು ಇಲ್ಲ ಅನ್ನುವುದಷ್ಟೇ ತಿಳಿದಿತ್ತು.

ಇಲ್ಲಿಯವರೆಗೆ ಬರೆದು ಸುಮ್ಮನೆ ಕುಳಿತಿದ್ದೆ.

ಕೇದಾರ ಸೀನುವ ಮುಂಚೆ ಹುಬ್ಬು ಗಂಟಿಕ್ಕುತ್ತಿದ್ದ, ದೊಡ್ಡ ಲೆಕ್ಕ ಬಿಡಿಸುವವನ ಹಾಗೆ. ಬಲಗಡೆಯ ಹಾಲು ಮಾತ್ರ ಕುಡಿಯುತ್ತಿದ್ದ. ಸ್ನಾನ ಮಾಡಿಸುವಾಗ ಅಳುತ್ತಿರಲಿಲ್ಲ. ಮೈ ಒರೆಸುವಾಗ ಅಳುತ್ತಿದ್ದ, ನೀರಿನಿಂದ ಯಾಕೆ ತೆಗೆದಿರಿ ಅಂತ. ಇಷ್ಟೆಲ್ಲ ಇತ್ತು. ಇಷ್ಟು ದಿನ ಇದು ಎಲ್ಲಿತ್ತು? ಅವನನ್ನು ಮತ್ತೆ ಒಂದೇ ಒಂದು ಸಲ ಟವಲಿನಲ್ಲಿ ಸುತ್ತಿ, ಆ ಅಳು ಕೇಳಬೇಕು ಅನ್ನಿಸಿತು. ಎಷ್ಟು ಅನ್ನಿಸಿತೆಂದರೆ ಕೈಗೆ ಟವಲು ತೆಗೆದುಕೊಂಡಿದ್ದೆ.

ಇವಳು ಎರಡಕ್ಕೂ ಅಳುತ್ತಾಳೆ. ನೀರಿಗೂ, ಟವಲಿಗೂ.

ಆಗಸ್ಟ್ 5, ಮಂಗಳವಾರ

ಅಧ್ಯಾಯ ಹೊಸದಾಗಿ ಬರೆಯುತ್ತಿದ್ದೇನೆ, ಅದಕ್ಕೇ ಇಲ್ಲಿ ಬರೆಯಲು ಹೊತ್ತಿರಲಿಲ್ಲ. ಮಗಳು ಮಧ್ಯಾಹ್ನ ಫಿಜಾಳ ಮನೆಯಲ್ಲಿರುತ್ತಾಳೆ. ಮಷಿನ್ ಸದ್ದಿಗೆ ಅವಳಿಗೆ ಒಳ್ಳೆಯ ನಿದ್ದೆ. ಮೂರು ಗಂಟೆಗೆ ಕರೆದುಕೊಂಡು ಬರುತ್ತೇನೆ. ನಿನ್ನೆ ನಾಲ್ಕಾಗಿತ್ತು. ಬರೆಯುತ್ತ ಗೊತ್ತಾಗಲಿಲ್ಲ.

ಕೊಡೆಯಜ್ಜಿಯ ಬಗ್ಗೆ ಬರೆದದ್ದನ್ನು ಪೂರ್ತಿ ಹೊಡೆದು ಹಾಕಿದೆ. ಅವಳಿಗೆ ವಿವೇಕವಿತ್ತು. ಹೋಗುವ ಹುಡುಗ ಅಂತಲೇ ಬೆಣ್ಣೆ ಹಾಕಿದಳು. ನಾಳೆ ಇರುವವನಾದರೆ ನಾಳೆ ಹಾಕಿದರಾಯಿತು ಅನ್ನಬಹುದಿತ್ತು. ಪಾರಿಯದು ಕಷ್ಟ. ಬೆನ್ನ ಹಿಂದೆ ಕಟ್ಟಿದ ಆ ಕೈಗಳನ್ನು ಪ್ರಬುದ್ಧತೆ ಅಂದಿದ್ದೆ. ಹತ್ತು ವರ್ಷದ ಹುಡುಗಿ. ಆ ಕೈಗಳನ್ನು ಯಾರಾದರೂ ಮುಂದೆ ತಂದು ಹಿಡಿದುಕೊಳ್ಳಬೇಕಿತ್ತು. ಪುಸ್ತಕದಲ್ಲಿ ಯಾರೂ ಹಿಡಿಯುವುದಿಲ್ಲ. ಅಲ್ಲಿಗೇ ಮುಗಿಯುತ್ತದೆ. ಅದು ಕಾದಂಬರಿಯ ದೋಷವೋ ಗುಣವೋ ಇನ್ನೂ ತೀರ್ಮಾನಿಸಿಲ್ಲ. ಎರಡೂ ಅಂತ ಬರೆದರೆ ಮೇಡಂ ಬಿಡುವುದಿಲ್ಲ.

ಶ್ರಾವಣ ಬಂದಿದೆ. ಮುಂದಿನ ರವಿವಾರ ಬಿಟ್ಟು ಅದರ ಮುಂದಿನ ರವಿವಾರ ತೊಟ್ಟಿಲು. ಕಪಿಲನಿಗೆ ಸಾನ್ವಿ ಅಂತ ಇಡುವ ಆಸೆ. ನೀನು ಯಾವ ಹೆಸರು ಅಂದುಕೊಂಡಿದ್ದೀಯ ಅಂತ ಕೇಳಿದ. ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಲಿಲ್ಲ. ಅವತ್ತಿನ ದಿನ ನನ್ನ ಬಾಯಿ ಬರುತ್ತದೋ ಇಲ್ಲವೋ.

ಆಗಸ್ಟ್ 12, ಮಂಗಳವಾರ

ಅಧ್ಯಾಯ ಕೊಟ್ಟು ಬಂದೆವು. ಮೇಡಂ ನಿಂತಲ್ಲೇ ಎರಡು ಪುಟ ಓದಿ, "ಹುಡುಗ ಬಂದ" ಅಂದರು. ಅಷ್ಟೇ.

ಬರುವಾಗ ಬಸ್ಸಿನಲ್ಲಿ ಜನ. ಅತ್ತೆಗೆ ಮುಂದಿನ ಸೀಟು ಸಿಕ್ಕಿತು, ನನಗೂ ಮಗಳಿಗೂ ಅವರ ಹಿಂದೆ. ಪಕ್ಕದಲ್ಲಿ ಹೆಬ್ಬಳ್ಳಿಯ ಒಬ್ಬ ಅಜ್ಜಿ. ಗುಡ್ಡವ್ವ ಅಂತ ತಾನೇ ಹೆಸರು ಹೇಳಿದರು. ಹುಬ್ಬಳ್ಳಿಗೆ ಮಗಳ ಮನೆಗೆ ಹೊರಟವರು. ನನ್ನ ಮಗಳು ಅವರ ಬಳೆ ಹಿಡಿದುಕೊಂಡು ಬಿಡಲಿಲ್ಲ.

"ಚೊಚ್ಚಲೇನವಾ?" ಅಂತ ಕೇಳಿದರು.

"ಅಲ್ಲರೀ, ಎರಡನೇದು."

"ಮೊದಲನೇದು ಸಾಲಿಗೆ ಹೋಗೇತೇನು?"

ಮುಂದಿನ ಸೀಟಿನಲ್ಲಿ ಅತ್ತೆಯ ಕುತ್ತಿಗೆ ಬಿಗಿಯಾದದ್ದು ಕಾಣಿಸಿತು.

"ಇಲ್ಲರೀ. ಉಳೀಲಿಲ್ಲ. ಗಂಡು. ಕೇದಾರ ಅಂತ."

ಹೋಗಲಿ ಬಿಡು, ಇದರಲ್ಲೇ ಅದನ್ನ ಕಾಣು ಅನ್ನುತ್ತಾರೆ ಅಂತ ಕಾದೆ. ಎಲ್ಲರೂ ಹಾಗೇ ಅನ್ನುವುದು. ಗುಡ್ಡವ್ವ ನನ್ನ ಮುಖವನ್ನೇ ನೋಡುತ್ತ, "ಯಾರಂಗಿದ್ದ?" ಅಂದರು.

ಯಾರೂ ಕೇಳಿರಲಿಲ್ಲ. ಯಾರೆಂದರೆ ಯಾರೂ.

"ಮೂಗು ನಮ್ಮಪ್ಪಂದು" ಅಂದೆ. "ಗದ್ದ ನಮ್ಮ ಅತ್ತಿಯವರದು. ಇಲ್ಲಿ ಕೂತಾರಲ್ಲ, ಇವರದು."

ಅತ್ತೆ ಹಿಂದಕ್ಕೆ ತಿರುಗಿದರು. "ಗದ್ದ ನಂದಲ್ಲ. ಅವರಜ್ಜಂದು. ನಡುವ ಕುಳಿ ಇತ್ತು."

"ಕುಳಿ ನಿಮಗೂ ಅದ ಅತ್ಯಾರ."

"ನಂದು ಮುಪ್ಪಿಂದು. ಅವಂದು ಹುಟ್ಟಿದ್ದು."

ಗುಡ್ಡವ್ವ ಅತ್ತೆಯ ಗದ್ದವನ್ನು ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಎಡದಿಂದ ಬಲದಿಂದ ನೋಡಿ, "ಇದರಾಗ ನನಗ ಏನೂ ತಿಳೀವಲ್ದು ಬಿಡ್ರಿ" ಅಂದರು. ಆಮೇಲೆ ಮಗಳ ಕಡೆ ಬೆರಳು ತೋರಿಸಿ, "ಇಕಿ ಹೆಸರೇನು?"

ತೊಟ್ಟಿಲಲ್ಲಿ ಹಾಕಿ ಕರೆಯುವ ಮುಂಚೆ ಹೆಸರನ್ನು ಹೊರಗೆ ಹೇಳುವ ಪದ್ಧತಿಯಿಲ್ಲ. ಇನ್ನೂ ರವಿವಾರ ಬರಬೇಕು. ಕಪಿಲನಿಗೂ ಹೇಳಿಲ್ಲ.

"ಮೃಣಾಲಿನಿ" ಅಂದೆ.

"ದೊಡ್ಡ ಹೆಸರಾತಲ್ಲವಾ."

"ಬೆಳೀತಾಳ್ರಿ."

ಅತ್ತೆ ಮುಂದಕ್ಕೆ ತಿರುಗಿ ಸೆರಗು ಸರಿ ಮಾಡಿಕೊಂಡು, "ರವಿವಾರ ತನಕ ನಾ ಏನೂ ಕೇಳಿಸಿಕೊಂಡಿಲ್ಲ" ಅಂತ ಬಸ್ಸಿನ ಗಾಜಿಗೆ ಹೇಳಿದರು.

ಇಳಿದು ಮನೆಗೆ ನಡೆಯುವಾಗಲೂ ಗದ್ದದ ವಾದ ನಿಲ್ಲಲಿಲ್ಲ. ಈಗ ಅತ್ತೆ ಮಾವನವರ ಫೋಟೋವನ್ನು ಗೋಡೆಯಿಂದ ಇಳಿಸಿ ಸೆರಗಿನಿಂದ ಒರೆಸುತ್ತಿದ್ದಾರೆ. ಮೃಣಾಲಿನಿ ಚಾಪೆಯ ಮೇಲೆ ಮಗ್ಗುಲಾಗಲು ಹೆಣಗುತ್ತಿದ್ದಾಳೆ.

"ಕಪಿಲನ ಫೋನಿನಾಗ ಕೇದಾರನ ಫೋಟೋ ಅವ" ಅಂದರು ಅತ್ತೆ. "ಅಂವ ಅಳಿಸಿಲ್ಲ, ನನಗ ಗೊತ್ತದ. ಇವತ್ತ ತಗಸು. ಎರಡೂ ಮಗ್ಗಲಕ್ಕ ಇಟ್ಟು ನೋಡೇ ಬಿಡೋಣು."

"ತಗಸ್ತೀನಿ" ಅಂದೆ.

ಕಪಿಲ ಆಫೀಸಿನಿಂದ ಬರುವ ಹೊತ್ತಾಯಿತು. ಬಾಗಿಲ ಹತ್ತಿರ ಕುಳಿತು ದಾರಿ ನೋಡುತ್ತಿದ್ದೇನೆ.